ಕೆಳಗಿನರ್ಧ ಕಪ್ಪು

ಸೈಕಲ್ಲಿನ ದೀಪದ ಗಾಜಿಗೆ ಅರ್ಧ ಕಪ್ಪು ಬಳಿಯುವುದಾದರೆ ಯಾವ ಅರ್ಧಕ್ಕೆ ಬಳಿಯಬೇಕು? ಇದೂ ಒಂದು ಪ್ರಶ್ನೆಯೇ ಎಂದು ನೀವು ನಗಬಹುದು, ನಗಿ. ತೊಂಬತ್ತರ ದಶಕದ ಕೊನೆಯಲ್ಲಿ ಹೊನ್ನಾವರ–ಕುಮಟಾ ಹೆದ್ದಾರಿಯ ಲಾರಿ, ಸೈಕಲ್ಲುಗಳೆಲ್ಲ ಮೇಲಿನರ್ಧಕ್ಕೇ ಬಳಿದುಕೊಂಡು ಓಡಾಡುತ್ತಿದ್ದವು. ಹೊನ್ನಾವರದ ಶಾಲೆಯೊಂದರ ವಿಜ್ಞಾನ ಮಾಸ್ತರನಾದ ನಾನೂ ಹಾಗೆಯೇ ಬಳಿದು, ಎದುರಿನವರ ನೇತ್ರರಕ್ಷಣೆಯ ಪುಣ್ಯವೆಲ್ಲ ನನಗೇ ಸಂದಿತೆಂದು ಬೀಗುತ್ತ ಹಳದೀಪುರದ ಮನೆಗೆ ಪೆಡಲು ತುಳಿಯುತ್ತಿದ್ದೆ.

ಆ ಪುಣ್ಯ ಒಂದು ಮುಸ್ಸಂಜೆ ಚರಂಡಿಗೆ ಬಿತ್ತು. ನಮ್ಮ ಕೇರಿಗೆ ಮೀನು ತರುವ ನಾಗಮ್ಮ, ನನ್ನ ಬೆಳಕು ಕಣ್ಣಿಗೆ ಹೊಡೆದು ರಸ್ತೆಯಂಚು ಕಾಣದೆ, ಬಂಗುಡೆ ಬುಟ್ಟಿಯ ಸಮೇತ ಉರುಳಿದಳು.

"ಅಲ್ರಾ ಮಾಸ್ತರೆ, ನಿಮ್ಮ ದೀಪ ನಿಮ್ಗೆ ದಾರಿ ತೋರ್ಸೂಕೋ, ನಮ್ಮ ಕಣ್ಣ ತೆಗೂಕೋ?"

ಅವಳ ಕೈ ಉಳುಕಿದ್ದು ವಾರದಲ್ಲಿ ವಾಸಿಯಾಯಿತು, ಹೆದರಿಕೆ ವಾಸಿಯಾಗಲಿಲ್ಲ. ಕೇರಿ ಕೇರಿ ಸುತ್ತಿ ಮೀನು ಮಾರುವ ಸಂಜೆಯ ಫೇರಿಯನ್ನೇ ಅವಳು ಬಿಟ್ಟಳು. ಅವಳ ಅರ್ಧ ವ್ಯಾಪಾರ ಸಂಜೆಯದು. ನನಗೆ ಅನ್ನ ರುಚಿಸಲಿಲ್ಲ.

ಸೈಕಲ್ಲನ್ನು ಗೋಡೆಗೆದುರಾಗಿ ಸ್ಟ್ಯಾಂಡ್ ಹಾಕಿ, ಡೈನಮೋ ದೀಪ ಉರಿಯಲೆಂದು ಒಂದು ಕೈಯಲ್ಲಿ ಪೆಡಲು ತಿರುಗಿಸುತ್ತ ಇನ್ನೊಂದು ಕೈಯಲ್ಲಿ ರಟ್ಟು ಹಿಡಿದು ನೋಡಿದೆ. ಗಾಜಿನ ಕೆಳಭಾಗ ಮುಚ್ಚಿದಾಗ ಗೋಡೆಯ ಮೇಲ್ಭಾಗ ಕತ್ತಲಾಯಿತು! ದೀಪದೊಳಗಿನ ಬಲ್ಬು ಇರಬೇಕಾದ ಜಾಗಕ್ಕಿಂತ ತುಸು ಮುಂದೆ ಕೂತಿದ್ದರಿಂದ, ಹಿಂದಿನ ಕನ್ನಡಿಯ ಕೆಳಹೊಟ್ಟೆಗೆ ಬಡಿದ ಬೆಳಕು ಮೇಲಕ್ಕೂ, ನೆತ್ತಿಗೆ ಬಡಿದದ್ದು ಕೆಳಕ್ಕೂ ಹೋಗುತ್ತಿತ್ತು. ಎಂದರೆ ನಾನು ಇಷ್ಟು ದಿನ ದಾರಿಗೆ ಬೀಳಬೇಕಾದ ಬೆಳಕನ್ನು ಮುಚ್ಚಿ, ಕಣ್ಣಿಗೆ ಹೊಡೆಯುವುದನ್ನು ಜೋಪಾನವಾಗಿ ಉಳಿಸಿಕೊಂಡಿದ್ದೆ. ಹನ್ನೆರಡು ವರ್ಷ ಕರಿಹಲಗೆಯ ಮೇಲೆ ನಿಮ್ನ ದರ್ಪಣದ ಚಿತ್ರ ಬರೆದ ಮಹಾಪಂಡಿತ ನಾನೇ, ಸ್ವಾಮಿ.

ಹಳೆಯ ಕಪ್ಪು ಕೆರೆದು ಕೆಳಗಿನರ್ಧಕ್ಕೆ ಬಳಿದೆ. ಸೈಕಲ್ ಅಂಗಡಿಯ ದತ್ತು ಹೊಟ್ಟೆ ಹಿಡಿದು ನಕ್ಕ: "ಎಂತದ್ರಾ ಇದು, ಉಲ್ಟಾ ಬಳದ್ರಲ! ಊರೆಲ್ಲ ಒಂದ್ ಬದಿ, ಮಾಸ್ತರದೇ ಒಂದ್ ಬದಿ. ತನ್ನಿ, ಸಮ ಮಾಡಿ ಕೊಡ್ತೆ." ನಾನು ಸೈಕಲ್ಲು ಕೊಡಲಿಲ್ಲ. ಊರೆಲ್ಲ ಸೇರಿ ಬಳಿದರೂ ಬೆಳಕು ಊರಿನ ಮಾತು ಕೇಳುವುದಿಲ್ಲವೆಂದು ಅವನ ಅಂಗಡಿಯ ಮುಂದೆಯೇ ಕೂಗಿ ಹೇಳಿದೆ. ಸಹೋದ್ಯೋಗಿಗಳು ನನಗೆ 'ಉಲ್ಟಾ ಮಾಸ್ತರು' ಎಂದು ನಾಮಕರಣ ಮಾಡಿದರು. ಅದನ್ನೂ ಪದವಿಯಂತೆ ಹೊತ್ತು ತಿರುಗಿದೆ.

ಆದರೆ ನನಗೆ ಬೇಕಾದ ಒಪ್ಪಿಗೆ ಒಂದೇ ಇತ್ತು. ಒಂದು ಸಂಜೆ ನಾಗಮ್ಮನನ್ನು ಕಾಡಿ ಬೇಡಿ ಅದೇ ಚರಂಡಿಯ ಪಕ್ಕ ನಿಲ್ಲಿಸಿದೆ. ಅವಳು ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದೇ ನಿಂತಳು. ನಾನು ದೂರದಿಂದ ತುಳಿದು ಬಂದೆ. ಹತ್ತಿರವಾದಂತೆ ಸೆರಗು ಮೆಲ್ಲನೆ ಇಳಿಯಿತು.

"ಅಯ್ಯ, ನಿಮ್ಮ ಮೋರೆ ಕಾಣ್ತದಲ್ರಾ ಮಾಸ್ತರೆ!"

ಮರುದಿನ ಸಂಜೆ ನಮ್ಮ ಕೇರಿಯಲ್ಲಿ ಅವಳ ಕೂಗು ಕೇಳಿತು. ಈಗ ನೀವೇ ಹೇಳಿ, ಯಾವ ಅರ್ಧ? ನೀವು ಏನೇ ಹೇಳಿ, ನಾನು ಮಾತ್ರ ಬದಲಿಸುವವನಲ್ಲ.