ಭಾವನ ಭಾರ

ವಾರವೆಲ್ಲ ಕನ್ನಡಕದ ಅಂಗಡಿ, ಶನಿವಾರ ಸಂಜೆ ಆರ್ಕೆಸ್ಟ್ರಾ. ಹಾಗಂತ ಭಾವನಿಗೆ ವಾದ್ಯವೇನೂ ಬರುತ್ತಿರಲಿಲ್ಲ. ಚಪ್ಪಾಳೆ ತಟ್ಟಿದರೂ ತಾಳ ತಪ್ಪುವ ಆಸಾಮಿ. ಗಿಟಾರ್ ನುಡಿಸುವವನು ಅವರ ಹೆಂಡತಿಯ ತಮ್ಮ. ಅವನು ‘ಭಾವ’ ಅನ್ನುತ್ತಾನೆಂದು ಡ್ರಮ್ಮಿನವನೂ ಹಾಡುವ ಹುಡುಗಿಯೂ ಹಾಗೇ ಕರೆದು, ಅವರು ಇಡೀ ತಂಡಕ್ಕೇ ಭಾವನಾಗಿಬಿಟ್ಟಿದ್ದರು.

ತಂಡದಲ್ಲಿ ಅವರ ಕೆಲಸ ಒಂದೇ, ಆಂಪ್ ಹೊರುವುದು. ಗಿಟಾರಿನ ದನಿಯನ್ನು ದೊಡ್ಡದು ಮಾಡುವ ಆ ಹಳೇ ಪೆಟ್ಟಿಗೆ ಎಮ್ಮೆಕರುವಿನಷ್ಟು ಭಾರ, ಅದರಷ್ಟೇ ಹಟಮಾರಿ. ಭಾವ ಅದನ್ನು ತಬ್ಬಿ, ಸೊಂಟ ಎಡಕ್ಕೆ ವಾಲಿಸಿ, "ದಾರಿ ಬಿಡಿ, ಭಾರ ಇದೆ!" ಎಂದು ಕೂಗುತ್ತ ಮಹಡಿಯ ಹಾಲಿನ ಮೆಟ್ಟಿಲೇರಿದರೆ ಉಳಿದವರೆಲ್ಲ ಗೋಡೆಗೆ ಅಂಟಿಕೊಳ್ಳಬೇಕು. ಮಧ್ಯದ ತಿರುವಿನಲ್ಲಿ ಅವರು ನಿಂತು ಉಸಿರು ತೆಗೆದುಕೊಳ್ಳುವವರೆಗೆ ಹಿಂದಿನವರು ಕಾಯಬೇಕು. ದಿನವಿಡೀ ಮಬ್ಬು ಕೋಣೆಯಲ್ಲಿ ಗಿರಾಕಿಗಳ ಕಣ್ಣ ಮುಂದೆ ಗಾಜು ಬದಲಿಸುವ ಮನುಷ್ಯನಿಗೆ ಆ ಒಂದು ಕೂಗೇ ಸಂಗೀತ, ಅದೇ ಚಪ್ಪಾಳೆ.

ಒಂದು ದಿನ ಮೈದುನ ನುಡಿಸಿ ನೋಡಿ ಬೇಡವಾದದ್ದನ್ನು ವಾಪಸ್ ಕೊಡುತ್ತೇನೆಂದು ಹೇಳಿ ಪರಿಚಯದ ಅಂಗಡಿಯಿಂದ ಎರಡು ಡಬ್ಬಿ ಹೊತ್ತು ತಂದ.

"ಮಾಡೆಲರ್ ಅಂತಾರೆ ಭಾವ. ಇದರೊಳಗೆ ನೂರಾರು ಆಂಪ್‌ಗಳ ದನಿ ಇದೆ. ಎಲ್ಲಾ ಡಿಜಿಟಲ್ ಮಿಮಿಕ್ರಿ!"

ದೊಡ್ಡ ಡಬ್ಬಿಗೆ ಮುಟ್ಟಿದರೆ ಬೆಳಗುವ ಪರದೆ. ಬೆಲೆ ಕೇಳಿದರೆ ಕಣ್ಣು ಕತ್ತಲೆ. ಚಿಕ್ಕದು ಅದರ ಕಾಲು ಭಾಗದ ಬೆಲೆಗೆ ಸಿಗುತ್ತಿತ್ತು. ಪರದೆ ಗಿರದೆ ಇಲ್ಲ, ತಿರುಗಿಸುವ ನಾಲ್ಕು ಗುಂಡಿ, ಊಟದ ಡಬ್ಬಿಯಷ್ಟು ಗಾತ್ರ. ದೊಡ್ಡದೇ ಬೇಕು ಎಂದು ಡ್ರಮ್ಮಿನವನು, ಚಿಕ್ಕದು ಸಾಕು ಎಂದು ಹಾಡುವ ಹುಡುಗಿ. ಮೈದುನ ಅತ್ತ ದರಿ ಇತ್ತ ಪುಲಿ ಎಂಬಂತೆ ನಡುವೆ ನಿಂತಿದ್ದ.

ಭಾವನಿಗೆ ಮಾತ್ರ ಬೇರೆಯದೇ ಚಿಂತೆ. ಊಟದ ಡಬ್ಬಿ ಹೊರೋದಕ್ಕೆ ಯಾರಾದರೂ ಆಳು ಕರೆಯುತ್ತಾರೆಯೇ?

"ಮಿಮಿಕ್ರಿ ಮಿಮಿಕ್ರೀನೇ ಕಣಯ್ಯ," ಎಂದರು. "ಹಾಡಿಗೆ ಭಾವ ಮುಖ್ಯ. ಡಬ್ಬೀಲಿ ಎಲ್ಲಾ ಸಿಗತ್ತೆ, ಭಾವ ಸಿಗಲ್ಲ."

"ಹಾಗಾದ್ರೆ ನೀವೇ ತೀರ್ಮಾನ ಮಾಡಿ. ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ. ಎರಡು ಡಬ್ಬಿ, ನಮ್ಮ ಹಳೇದು, ಮೂರರಲ್ಲೂ ನುಡಿಸ್ತೀನಿ. ನೀವು ಚೆನ್ನಾಗಿದೆ ಅಂದಿದ್ದೇ ಇಟ್ಕೊಳ್ಳೋಣ."

ಭಾವ ಒಳಗೊಳಗೇ ನಕ್ಕರು. ಇಷ್ಟು ವರ್ಷ ಎದೆಗವಚಿಕೊಂಡ ಪೆಟ್ಟಿಗೆಯ ದನಿ ಗೊತ್ತಾಗದೇ ಇರುತ್ತದೆಯೇ? ಅದನ್ನೇ ಆರಿಸಿ ಡಬ್ಬಿಗಳನ್ನು ಬಂದ ದಾರಿಗೆ ಅಟ್ಟಿದರಾಯಿತು.

ಮೈದುನ ಒಂದೇ ಟ್ಯೂನನ್ನು ಮೂರು ಸಲ ನುಡಿಸಿದ. "ಒಂದನೇದು ಚೆನ್ನಾಗಿದ್ಯಾ, ಎರಡನೇದಾ, ಮೂರನೇದಾ?" ಭಾವ ಗಾಜು ಬದಲಿಸುತ್ತ ಗಿರಾಕಿಗಳಿಗೆ ಕೇಳುವ ಪ್ರಶ್ನೆಯೇ ಅದು. ಅವರು ತಡವರಿಸಿದ್ದು ಕಂಡು ಮೈದುನ ಅವರ ಅಂಗಡಿಯ ಮಾತನ್ನೇ ಅವರಿಗೆ ತಿರುಗಿಸಿ ಕೊಟ್ಟ: "ಇದು ಪರೀಕ್ಷೆ ಅಲ್ಲ ಸ್ವಾಮಿ, ಅನ್ನಿಸಿದ್ದು ಹೇಳಿ."

ಮೊದಲನೆಯದು ನುಣುಪಾಗಿತ್ತು, ಈಗಷ್ಟೇ ಒರೆಸಿಟ್ಟ ಗಾಜಿನ ಹಾಗೆ. ಎರಡನೆಯದು ನೆಗಡಿ ಬಂದವರಂತೆ ಗೊರಗೊರ. ಮೂರನೆಯದು ಬೆಚ್ಚಗೆ ಶುರುವಾಗಿ, ಕೊನೆಗೆ ತುಸು ಒಡೆದು, ಸೀದಾ ಎದೆಗೇ ಬಂದು ಕೂತಿತು. ಇದೇ ನನ್ನ ಎಮ್ಮೆಕರು!

"ಮೂರನೇದು! ದನಿ ಅಂದ್ರೆ ಇದಪ್ಪಾ!" ಎಂದು ತಿರುಗಿದರು.

ಗಿಟಾರಿನ ವೈರು ಚಿಕ್ಕ ಡಬ್ಬಿಗೆ ಸಿಕ್ಕಿಸಿತ್ತು. ಆ ಗೊರಗೊರ ಅಂದದ್ದೇ ಹಳೇ ಆಂಪ್.

"ದುಡ್ಡೂ ಉಳೀತು ಭಾವ!" ಎಂದು ಮೈದುನ ತಬ್ಬಿಕೊಂಡ. ಭಾವ ನಕ್ಕರು, ಆದರೆ ತಾವು ತೋಡಿದ ಗುಂಡಿಗೆ ತಾವೇ ಬಿದ್ದವರ ನಗು ಅದು. ಮನೆಗೆ ಹೋಗುವಾಗ ನಿಜವಾಗಿಯೂ ದುಃಖವಾಯಿತು. ಮೀಸೆ ನರೆತ ಮೇಲೆ ಒಂದು ಪೆಟ್ಟಿಗೆಗಾಗಿ ದುಃಖಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಮುಂದಿನ ಶನಿವಾರ ಅಂಗಡಿಯಲ್ಲಿ ಕೆಲಸವಿದೆ ಎಂದು ತಂಡದವರಿಗೆ ಸುಳ್ಳು ಹೇಳಿ ಭಾವ ಮನೆಯಲ್ಲೇ ಉಳಿದರು. ಸೋಫಾ ಎತ್ತಿ ಅಡಿಯಲ್ಲಿ ಗುಡಿಸಿದರು. ಕಪಾಟನ್ನು ಆ ಗೋಡೆಗೆ ಸರಿಸಿ, ಮತ್ತೆ ಈ ಗೋಡೆಗೇ ತಂದರು. ಭಾನುವಾರ ಬೆಳಿಗ್ಗೆ ಮಂಚಕ್ಕೆ ಕೈ ಹಾಕಿದಾಗ ಹೆಂಡತಿಗೆ ತಡೆಯಲಾಗಲಿಲ್ಲ. "ಎತ್ತೋಕೆ ಏನೂ ಸಿಗ್ಲಿಲ್ಲ ಅಂದ್ರೆ ನನ್ನನ್ನೂ ಎತ್ತಿಡ್ತೀರೇನ್ರೀ?"

ಅಷ್ಟರಲ್ಲಿ ಅವಳ ತಮ್ಮನ ಫೋನು ಬಂತು. ಅವಳು ಸ್ಪೀಕರಿಗೆ ಹಾಕಿದಳು.

"ಡಬ್ಬಿ ಚೆನ್ನಾಗೇ ನುಡೀತಕ್ಕ, ಜನಾನೂ ಚಪ್ಪಾಳೆ ತಟ್ಟಿದ್ರು. ಆದ್ರೆ ಭಾವ ಇರ್ಲಿಲ್ಲ ನೋಡು, ಯಾಕೋ ಸಪ್ಪೆ ಅನ್ನಿಸ್ತು."

ಭಾವ ಮಂಚ ಬಿಟ್ಟು ಓಡಿ ಬಂದರು. "ನೋಡಿದ್ಯಾ! ಬಡ್ಕೊಂಡೆ ನಾನು, ಡಬ್ಬೀಲಿ ಭಾವ ಸಿಗಲ್ಲ ಅಂತ!"

ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಹಾಡಿನ ಭಾವ ಅಲ್ಲಾರೀ. ನೀವು! ನೀವು ಇರ್ಲಿಲ್ಲ ಅಂತ ಹೇಳ್ತಿದಾನೆ."

"ಹೂಂ ಭಾವ," ಎಂದ ಮೈದುನ. "ಮೆಟ್ಟಿಲ ಹತ್ರ ನಾವೆಲ್ಲ ಸುಮ್ನೆ ನಿಂತೇ ಇದ್ವಿ. ಯಾರಾದ್ರೂ ಕೂಗ್ತಾರೇನೋ ಅಂತ."

"ಸರಿ ಸರಿ, ಮುಂದಿನ ವಾರ ಬಿಡುವಾದ್ರೆ ನೋಡೋಣ," ಎಂದು ಭಾವ ಗತ್ತಿನಿಂದ ಹೇಳಿ, ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಶನಿವಾರ ಮೆಟ್ಟಿಲ ಬುಡದಲ್ಲಿ ಭಾವ ಊಟದ ಡಬ್ಬಿಯಷ್ಟೇ ಇದ್ದ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ತಬ್ಬಿ, ಸೊಂಟ ಎಡಕ್ಕೆ ವಾಲಿಸಿದರು.

"ದಾರಿ ಬಿಡಿ, ಭಾರ ಇದೆ!"

ಹಾಡುವ ಹುಡುಗಿ ಗೋಡೆಗೆ ಅಂಟಿಕೊಂಡಳು. ಡ್ರಮ್ಮಿನವನು ಹೊಟ್ಟೆ ಒಳಗೆಳೆದುಕೊಂಡ. ಮಧ್ಯದ ತಿರುವಿನಲ್ಲಿ ಭಾವ ನಿಂತು ಉಸಿರು ತೆಗೆದುಕೊಂಡರು. ಮೈದುನ ಗಿಟಾರ್ ಹಿಡಿದು, ಎರಡು ಮೆಟ್ಟಿಲು ಕೆಳಗೆ, ಅವರಿಗಾಗಿ ಕಾದ.