ಮೊದಲು ಹಲ್ಲು, ಆಮೇಲೆ ಮಾಳಿಗೆ

ಕಳೆದ ರವಿವಾರ ಬಸವನ ಬಾಗೇವಾಡಿಯಲ್ಲಿ ಸೋದರಮಾವನ ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ಮಾವ ಜಳಕಕ್ಕೆ ಹೋಗಿದ್ದರು. ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ಲೋಟ, ಲೋಟದಲ್ಲಿ ನೀರು, ನೀರಿನಲ್ಲಿ ಮಾವನ ಹಲ್ಲಿನ ಸೆಟ್. ಬೆಳಗಿನ ಬಿಸಿಲು ಬಿದ್ದು ಅದು ನನ್ನನ್ನೇ ನೋಡಿ ಹಲ್ಲು ಕಿಸಿದಂತಿತ್ತು. ಕಿಸಿಯಲು ಕಾರಣವೂ ಇತ್ತು ಅನ್ನಿ. ನಾನು ಬಂದದ್ದು ಮಾವನ ಆರೋಗ್ಯ ವಿಚಾರಿಸಲು ಅಲ್ಲ, ಒಂದು ಪ್ಲಾಟಿನ ಸಾಲಕ್ಕೆ ಅವರ ಜಾಮೀನು ಕೇಳಲು.

ನನ್ನ ಪರಿಸ್ಥಿತಿ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಸಿಂದಗಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ದುಡ್ಡಿನ ವಿಷಯದಲ್ಲಿ ಬಡವನಾದರೂ ಗುರಿಗಳ ವಿಷಯದಲ್ಲಿ ಜಮೀನ್ದಾರ. ವಿಜಯಪುರದಲ್ಲಿ ಒಂದು ಪ್ಲಾಟು ಹಿಡಿಯಬೇಕು, ಕಾರಿನ ಕಂತು ತೀರಬೇಕು, ಮಗಳ ಕೋಚಿಂಗ್ ಮುಗಿಯಬೇಕು, ಬಂಗಾರದ ಚೀಟಿ ನಿಲ್ಲಬಾರದು, ಇಷ್ಟರ ನಡುವೆ ನಿವೃತ್ತಿಯ ಬದುಕಿಗೂ ಏನಾದರೂ ಕೂಡಿಡಬೇಕು. ಎಲ್ಲವೂ ಮೊದಲನೆಯದೇ. ಹಬ್ಬದ ಬಸ್ಸಿಗೆ ಜನ ಹತ್ತಿದಂತೆ ಎಲ್ಲ ಗುರಿಗಳೂ ಒಂದೇ ಬಾಗಿಲಲ್ಲಿ ನುಗ್ಗಿ, ಯಾವುದೂ ಒಳಗೆ ಹೋಗದೆ, ಕಂಡಕ್ಟರನಾದ ನಾನು ಮಾತ್ರ ಕೆಳಗೆ ಬಿದ್ದಿದ್ದೆ. ಅವತ್ತು ಮುಂಜಾನೆಯಿಂದ ಪ್ಲಾಟಿನ ದಲಾಲ ಮೂರು ಸಲ ಫೋನ್ ಮಾಡಿದ್ದ. ನಾಲ್ಕನೆಯ ಸಲ ಫೋನ್ ಬಡಿದುಕೊಳ್ಳುತ್ತಿರುವಾಗ ಆ ಹಲ್ಲು ನೋಡಿದೆ. ಖಾಜಾಬಿ ನೆನಪಾದಳು.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ನಾನು ಇಂಡಿ ತಾಲೂಕಿನಲ್ಲಿ, ಸಾಲೋಟಗಿಯಿಂದ ಇನ್ನೂ ಒಳಗೆ, ಒಂದು ಊರಿನ ಶಾಲೆಯಲ್ಲಿದ್ದೆ. ಊರಿನ ಹೆಸರು ಬೇಡ. ಈ ಕಥೆಯಲ್ಲಿ ಮಾನ ಹೋಗುವುದು ನನ್ನದೊಬ್ಬನದೇ ಆಗಲಿ. ಖಾಜಾಬಿ ಆ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವಳು. ಐವತ್ತೈದರ ಆಜುಬಾಜು ವಯಸ್ಸು, ಗಂಡ ತೀರಿಹೋಗಿದ್ದ, ಟಂಟಂ ಆಟೋ ಓಡಿಸುವ ಮಗನ ಜೊತೆ ಮಣ್ಣಿನ ಮಾಳಿಗೆಯ, ಅಂದರೆ ಮಣ್ಣು ಹಾಸಿದ ಚಾವಣಿಯ ಮನೆಯಲ್ಲಿದ್ದಳು. ಮುನ್ನೂರು ಮಕ್ಕಳ ಸಾರಿಗೆ ಉಪ್ಪನ್ನು ಕಣ್ಣಳತೆಯಲ್ಲೇ ಹಾಕುವಷ್ಟು ನಿಪುಣೆ. ಆದರೆ ಮೇಲಿನ ಹಲ್ಲು ಒಂದೂ ಇರಲಿಲ್ಲ.

ಹಲ್ಲಿಲ್ಲದ್ದರಿಂದ ಆಕೆಯ ಬಾಯಲ್ಲಿ ಸಕಾರ ಹಕಾರವಾಗುತ್ತಿತ್ತು. "ಸಾಲಾಗಿ ಕುಂಡ್ರಿ" ಎನ್ನಲು ಹೋಗಿ "ಹಾಲಾಗಿ ಕುಂಡ್ರಿ" ಎಂದರೆ ಮಕ್ಕಳು "ಹಾಲು ಎಲ್ಲೈತಿ? ಹಾಲು ಎಲ್ಲೈತಿ?" ಎಂದು ತಾಟು ಬಡಿಯುತ್ತಿದ್ದರು. ಮಕ್ಕಳಷ್ಟೇ ಅಲ್ಲ, ಸ್ಟಾಫ್ ರೂಮಿನಲ್ಲಿ ನಾವೂ ಆಕೆಯ ಮಾತನ್ನು ಅಣಕಿಸಿ ಚಹಾ ಕುಡಿಯುತ್ತಿದ್ದೆವು. ಅದರಲ್ಲಿ ನನ್ನ ಅಣಕಕ್ಕೆ ಒಳ್ಳೆಯ ಹೆಸರಿತ್ತು. ಇಲ್ಲಿ ಮಾತ್ರ ಆಕೆಯ ಮಾತನ್ನು ತಿದ್ದಿಯೇ ಬರೆಯುತ್ತಿದ್ದೇನೆ. ತಡವಾಗಿ ಬಂದ ಮರ್ಯಾದೆ ಎಂದುಕೊಳ್ಳಿ.

ಅಡುಗೆಯವರಿಗೆ ಕೊಡುವುದಕ್ಕೆ ಗೌರವಧನ ಎನ್ನುತ್ತಾರೆ. ಈ ಪದ ಹುಟ್ಟಿಸಿದವರು ಬುದ್ಧಿವಂತರು. ಸಂಬಳ ಎಂದರೆ ಜನ ಎಷ್ಟು ಎಂದು ಕೇಳುತ್ತಾರೆ, ಗೌರವ ಎಂದರೆ ಕೇಳಲು ನಾಚುತ್ತಾರೆ. ಆ ವರ್ಷ ನಮ್ಮ ಶಾಲೆಯ ಮೂವರು ಅಡುಗೆಯವರಿಗೆ ಗೌರವ ಬರುತ್ತಿತ್ತು, ಧನ ಬಂದಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಇಂಡಿಯಲ್ಲಿ ಸುತ್ತಲಿನ ಶಾಲೆಗಳ ಅಡುಗೆಯವರ ಒಂದು ಸಭೆ ನಡೆಯಿತು. ಬಿಸಿಯೂಟದ ಕಾಗದಪತ್ರ ನೋಡುವ ಜವಾಬ್ದಾರಿ ನನ್ನದಾದ್ದರಿಂದ ನಾನೂ ಹೋಗಿದ್ದೆ. ಖಾಜಾಬಿ ಎದ್ದು ನಿಂತು, ಸೆರಗು ಬಾಯಿಗೆ ಹಿಡಿದು ಏನೋ ಕೇಳಿದಳು. ವೇದಿಕೆಯ ಮೇಲಿದ್ದ ತಾಲೂಕಿನ ಬಿಸಿಯೂಟದ ಸಾಹೇಬರು ಕಿವಿಗೆ ಕೈ ಹಚ್ಚಿದರು.

"ಏನಂತಾಳ್ರಿ ಈಕಿ?"

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆಕೆ ಕೇಳಿದ್ದು ನನಗೆ ಸ್ಪಷ್ಟವಾಗಿ ತಿಳಿದಿತ್ತು: ಬೇರೆ ಶಾಲೆಯವರಿಗೆಲ್ಲ ಬಂದಿದೆ, ನಮ್ಮದಷ್ಟೇ ಎಲ್ಲಿ ನಿಂತಿದೆ? ಆದರೆ ಸಾಹೇಬರ ಮುಂದೆ ಅಷ್ಟು ಖಾರ ಯಾಕೆಂದು ನಾನು ಎದ್ದು, "ಏನಿಲ್ಲ ಸರ್, ಗೌರವಧನ ಲಗೂನ ಬರ್ಲಿ ಅಂತಾಳ" ಎಂದು ತಿಳಿ ಮಾಡಿ ಬಡಿಸಿದೆ. "ಬರ್ತೈತಿ, ಬರ್ತೈತಿ" ಎಂದರು ಸಾಹೇಬರು. ಖಾಜಾಬಿ ನನ್ನ ಕಡೆ ಒಮ್ಮೆ ನೋಡಿ ಕೂತಳು. ಆ ನೋಟವನ್ನು ನಾನು ಕೃತಜ್ಞತೆ ಎಂದುಕೊಂಡೆ. ಮಾಸ್ತರಿಕೆಯಲ್ಲಿ ಇದೊಂದು ರೋಗ ನೋಡಿ. ಎದುರಿನವರು ಸುಮ್ಮನಾದರೆ ನಮಗೆ ಪಾಠ ಮುಟ್ಟಿತು ಎನಿಸುತ್ತದೆ.

ಅದೇ ದಿನಗಳಲ್ಲಿ ಯಾವುದೋ ತರಬೇತಿಯಲ್ಲಿ ಒಬ್ಬ ಭಾಷಣಕಾರ ಮನೆತನದ ಹಣಕಾಸಿನ ಬಗ್ಗೆ ನಮಗೆಲ್ಲ ಉಪದೇಶ ಮಾಡಿದ್ದ. ಬೋರ್ಡಿನ ಮೇಲೆ ತ್ರಿಕೋನ ಬರೆದು, ತಳದಲ್ಲಿ ಮನೆ, ಅದರ ಮೇಲೆ ಮಕ್ಕಳು, ಅದರ ಮೇಲೆ ಆಪತ್ತು, ತುದಿಯಲ್ಲಿ ಸೂಜಿಮೊನೆಯಷ್ಟು ಜಾಗದಲ್ಲಿ 'ನಮ್ಮ ಸ್ವಂತ ಆಸೆ' ಎಂದು ಬರೆದಿದ್ದ. ನನಗೆ ಅದು ಭಾಳ ಹಿಡಿಸಿತು. ನನ್ನ ಮನೆಯಲ್ಲಿ ಅದನ್ನು ಕೇಳುವವರಿರಲಿಲ್ಲವಾದ್ದರಿಂದ ಊರಿನಲ್ಲಿ ಹಂಚತೊಡಗಿದೆ.

ಖಾಜಾಬಿ ಸಿಕ್ಕಿಬಿದ್ದಳು. ಹೆಂಗಸರ ಬೀಸಿಯಲ್ಲಿ, ಅಂದರೆ ಎಲ್ಲರೂ ತಿಂಗಳು ತಿಂಗಳು ದುಡ್ಡು ಹಾಕಿ ಸರದಿಯ ಮೇಲೆ ಒಬ್ಬರು ಎತ್ತಿಕೊಳ್ಳುವ ಚೀಟಿಯಲ್ಲಿ, ಆಕೆಯ ಸರದಿ ಬಂದಿತ್ತು. ದುಡ್ಡಿನ ವಾಸನೆ ಹಿಡಿದು ಅದೇ ವಾರ ಎಲ್ಲ ಖರ್ಚುಗಳೂ ಬಾಗಿಲಿಗೆ ಬಂದವು. ಮಾಳಿಗೆ ಸೋರುತ್ತಿತ್ತು. ಮಗನಿಗೆ ಟಂಟಮ್ಮಿನ ಬ್ಯಾಟರಿ ಬೇಕಿತ್ತು. ಮುದ್ದೇಬಿಹಾಳಕ್ಕೆ ಕೊಟ್ಟ ಮಗಳು ಕೂಸಿನ ತೊಟ್ಟಿಲ ದಿನಕ್ಕೆ ಬೆಳ್ಳಿ ಕಡಗ ತರಲೇಬೇಕೆಂದು ಹೇಳಿ ಕಳಿಸಿದ್ದಳು. ಮಧ್ಯಾಹ್ನ ಊಟ ಮುಗಿದ ಮೇಲೆ ಆಕೆ ಅಡುಗೆಕೋಣೆಯ ಹಿಂದೆ ಅಕ್ಕಿ ಚೀಲದ ಮೇಲೆ ತಲೆ ಹಿಡಿದು ಕೂತಿದ್ದಳು.

"ತಲಿ ಅನ್ನೂದು ಸಂತಿ ಆಗೇತ್ರಿ ಸರ. ಎಲ್ಲಾರೂ ಒಮ್ಮೆಲೆ ಕೂಗಾಕತ್ತಾರ. ಯಾವುದು ಮೊದಲು ಮಾಡ್ಲಿ, ನೀವ ಹೇಳ್ರಿ."

ಕೇಳಿದ್ದೇ ತಡ, ನಾನು ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ತ್ರಿಕೋನ ಬರೆದೆ. ಮೊದಲು ಮಾಳಿಗೆ, ಆಮೇಲೆ ಮಗನ ಬ್ಯಾಟರಿ, ಆಮೇಲೆ ಉಳಿದದ್ದು ಎಂದು ವಿವರಿಸಿದೆ. ಆಕೆ ಶ್ರದ್ಧೆಯಿಂದ ನೋಡಿದಳು.

"ಇದ್ರಾಗ ಹಲ್ಲು ಎಲ್ಲಿ ಬರ್ತಾವ್ರಿ?"

"ಯಾವ ಹಲ್ಲು?"

"ನನ್ನ ಹಲ್ಲು. ವಿಜಾಪುರದಾಗ ಕಟ್ತಾರಂತಲ್ರಿ."

ನಾನು ನಗು ತಡೆದುಕೊಂಡು ತ್ರಿಕೋನದ ತುದಿ ತೋರಿಸಿದೆ. "ಇಲ್ಲಿ. ಎಲ್ಲಾ ಮುಗಿದಮ್ಯಾಲ. ಈಗ ಮಾಳಗಿ ಬಿಟ್ಟು ಹಲ್ಲು ಕಟ್ಟಿಸ್ಕೊಂಡ್ರ ಮಂದಿ ಏನಂದಾರು?"

ಆಕೆ ಆ ತುದಿಗೆ ಬೆರಳು ಮುಟ್ಟಿಸಿದಳು. "ಅಲ್ಲಿಗಿ ಏರೂದ್ರಾಗ ನಾನು ಸತ್ತಿರ್ತೇನ್ರಿ. ಮಾಳಗಿ ಸೋರಿದ್ರ ಬುಟ್ಟಿ ಇಡಬಹುದು ಸರ. ಬಾಯಿ ಸೋರಿದ್ರ ಏನಿಡ್ಲಿ?"

ಇಂಥ ಹೊತ್ತಿನಲ್ಲಿ ಮಾಸ್ತರರು ಮಾಡುವುದನ್ನೇ ಮಾಡಿದೆ, ಗಡಿಯಾರ ನೋಡಿ ಕ್ಲಾಸಿಗೆ ಹೋದೆ.

ಮುಂದಿನ ವಾರ ಆಕೆ ಒಂದು ದಿನ ರಜೆ ಕೇಳಿದಳು. ಮತ್ತೊಂದು ವಾರ ಮತ್ತೊಂದು ದಿನ. ಅಳತೆಗೆ ಒಮ್ಮೆ, ಕೂಡಿಸಿ ನೋಡಲು ಒಮ್ಮೆ, ತಿಕ್ಕಿ ಸರಿಮಾಡಲು ಒಮ್ಮೆ. ಊರಿಗೆ ಸುದ್ದಿ ತಿಳಿಯಿತು. ಆ ಹೆಂಗಸನ್ನು ಆಡಿಕೊಳ್ಳಲು ಊರಿನ ಎಲ್ಲ ಜಾತಿ ಧರ್ಮದವರೂ ಒಂದಾದರು, ಅಷ್ಟು ಒಗ್ಗಟ್ಟನ್ನು ನಾನು ಬೇರೆ ಯಾವ ಕೆಲಸಕ್ಕೂ ನೋಡಿಲ್ಲ. "ಗಂಡ ಸತ್ತಾಕಿಗೆ ಯಾರ ಮುಂದ ನಗೂದೈತಿ?" ಎಂದು ಕಟ್ಟೆಯ ಮೇಲೆ ಕೂತವರು ಕೇಳಿದರು. ಮಗ ನನ್ನ ಹತ್ತಿರವೇ ಬಂದು, "ನೀವರ ಬುದ್ಧಿ ಹೇಳ್ರಿ ಸರ, ಗಾಡಿ ನೂಕಿ ನೂಕಿ ಚಾಲೂ ಮಾಡಾಕತ್ತೇನಿ" ಎಂದು ಗೋಳಾಡಿದ. ಮಗಳು ತೊಟ್ಟಿಲ ದಿನ ಅವ್ವನೊಡನೆ ಮಾತೇ ಆಡಲಿಲ್ಲವಂತೆ. ಹೊಸ ಹಲ್ಲು ಹಾಕಿಕೊಂಡು ಹೋದವಳು ಬಾಯಿ ಮುಚ್ಚಿಕೊಂಡು ಉಂಡು ಬಂದಳು.

ಹೊಸ ಹಲ್ಲಿನ ಮೊದಲ ದಿನ ನೆನಪಿದೆ. ಮಕ್ಕಳು ಎಂದಿನಂತೆ ತಾಟು ಹಿಡಿದು ಗದ್ದಲ ಮಾಡುತ್ತಿದ್ದರು. ಖಾಜಾಬಿ ಸೌಟು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸಾಲಾಗಿ ಕುಂಡ್ರಿ. ಸದ್ದು ಮಾಡಿದ್ರ ಸಾರು ಸಿಗೂದಿಲ್ಲ."

ಮುನ್ನೂರು ಮಕ್ಕಳು ತೆಪ್ಪಗಾದರು. ಆಕೆಗೂ ತನ್ನ ದನಿ ಕೇಳಿ ಗಾಬರಿಯಾದಂತಿತ್ತು. ಆ ಮಧ್ಯಾಹ್ನ ಕಾರಣವಿಲ್ಲದೆ ಸಕಾರದ ಮಾತುಗಳನ್ನೇ ಆರಿಸಿ ಆರಿಸಿ ಆಡಿದಳು.

ಏಳನೆಯ ತಿಂಗಳಿಗೆ ಮತ್ತೆ ಸಭೆ ಬಂತು. ಅದೇ ಸಾಹೇಬರು. ಈ ಸಲ ಖಾಜಾಬಿ ಎದ್ದಾಗ ಸೆರಗು ಹೆಗಲ ಮೇಲಿತ್ತು. ತಿಳಿ ಮಾಡಿ ಬಡಿಸಲು ನಾನೂ ಅರ್ಧ ಎದ್ದಿದ್ದೆ.

"ನೀವು ಕುಂಡ್ರಿ ಸರ," ಎಂದಳು. ಕೂತೆ.

"ಸಾಹೇಬ್ರ, ಎಲ್ಲಾ ಸಾಲಿಯವ್ರಿಗೂ ರೊಕ್ಕ ಬಂದೈತಿ. ನಮ್ಮ ಮೂರ ಮಂದೀದು ಏಳು ತಿಂಗಳಿಂದ ಇಲ್ಲ. ಯಾಕ?"

"ಮ್ಯಾಲಿಂದ ಬಂದಿಲ್ಲಮ್ಮಾ."

"ಮ್ಯಾಲಿಂದ ಅಂದ್ರ ಎಲ್ಲಿಂದ್ರಿ? ಅಲ್ಲಾನ ಕಡಿಂದೇನು? ಅವನ ಕಡಿಂದಾದ್ರ ನಮಾಜಿನಾಗ ನಾನ ಕೇಳ್ತಿದ್ನೆಲ್ಲ. ಕಾಗದ ಎಲ್ಲಿ ನಿಂತೈತಿ ಹೇಳ್ರಿ, ಅಲ್ಲಿ ಹೋಗಿ ಕುಂಡ್ರತೇವಿ."

ಸಭೆ ನಕ್ಕಿತು. ಆದರೆ ಈ ಸಲ ಆಕೆಯ ಕಡೆಯಿಂದ ನಕ್ಕಿತು. ಸಾಹೇಬರು ಮುಖ ಗಂಟಿಕ್ಕಿ ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ದಫ್ತರ ತಿರುವಿ ಹಾಕಿ ಒಂದು ಹಾಳೆಯ ಮೇಲೆ ಬೆರಳಿಟ್ಟ.

"ಇವ್ರ ಸಾಲಿ ಪಟ್ಟಿ ಆರು ತಿಂಗಳ ಹಿಂದ ವಾಪಸ್ ಕಳಿಸೇವ್ರಿ. ಬ್ಯಾಂಕಿನ ಖಾತೆ ನಂಬರ್ ತಪ್ಪೈತಿ, ತಿದ್ದಿ ಕಳಸ್ರಿ ಅಂತ. ಇಲ್ಲಿ ಸಹಿ ಮಾಡಿ ಒಯ್ದಾರ ನೋಡ್ರಿ."

ಸಹಿ ನನ್ನದು. ಎಷ್ಟು ಚಂದದ ಸಹಿ ಎಂದರೆ ದೂರದಿಂದಲೇ ಗುರುತು ಹಿಡಿದೆ.

ಇಡೀ ಸಭೆ ನನ್ನ ಕಡೆ ತಿರುಗಿತು. ಖಾಜಾಬಿ ನಿಧಾನಕ್ಕೆ, ಒಂದೊಂದೇ ಅಕ್ಷರವನ್ನು ಹಲ್ಲಿನ ಸಂದಿಯಿಂದ ದಾಟಿಸಿ ಹೇಳಿದಳು: "ಇರ್ಲಿ ಬಿಡ್ರಿ ಸಾಹೇಬ್ರ. ಸರ್ ಮನ್ಯಾಗ ಭಾಳ ತಾಪತ್ರಯ ಐತಿ, ಮರ್ತಿರ್ತಾರ. ನಾಳಿಗೆ ತಿದ್ದಿ ತಂದು ಕೊಡ್ತಾರ. ನಾನ ಸಂಗಾಟ ಬರ್ತೇನಿ."

ಬೈದಿದ್ದರೆ ಎಷ್ಟೋ ಚಲೋ ಇತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆ ನನ್ನ ಮುಂದಿನ ಸೀಟಿನಲ್ಲಿದ್ದಳು. ಸಾಲೋಟಗಿ ದಾಟಿದ ಮೇಲೆ ಹುರಿದ ಶೇಂಗಾದ ಪೊಟ್ಟಣ ಬಿಚ್ಚಿ ಒಂದು ಹಿಡಿ ನನ್ನ ಕೈಗೆ ಹಾಕಿದಳು. ತಾನೊಂದು ಕಾಳು ಕಟುಂ ಎಂದು ಕಡಿದು, ಹಿಂದೆ ತಿರುಗಿ ಕೇಳಿದಳು.

"ಸರ, ನಿಮ್ಮ ತ್ರಿಕೋನದಾಗ ನಮ್ಮ ಕಾಗದ ಎಲ್ಲಿ ಬಂದಿತ್ರಿ?"

ನಾನು ಕೈಯಲ್ಲಿದ್ದ ಶೇಂಗಾ ಎಣಿಸತೊಡಗಿದೆ.

"ಮೊದಲನೇ ಸಭೆದಾಗ ನಾನು ಕೇಳಿದ್ದು ಒಂದು, ನೀವು ಹೇಳಿದ್ದು ಒಂದು. ಆವತ್ತ ಅನ್ಕೊಂಡೆ, ನನ್ನ ಮಾತು ನಾನ ಆಡಬೇಕು, ಅದಕ್ಕ ಮೊದಲ ಹಲ್ಲು ಬೇಕು ಅಂತ. ಮಾಳಗಿ ಆಮ್ಯಾಲಿಂದು."

ಮರುದಿನ ಶಾಲೆಯ ನನ್ನ ಟೇಬಲ್ಲಿನ ಖಾನೆ ತೆಗೆದೆ. ನನ್ನ ಗೃಹಸಾಲದ ಅರ್ಜಿ ಮೇಲೆ, ಕಾರಿನ ಬಣ್ಣಬಣ್ಣದ ಪುಸ್ತಿಕೆ ಅದರ ಕೆಳಗೆ, ವಿಮೆಯ ಕಾಗದ ಅದರ ಕೆಳಗೆ, ಎಲ್ಲಕ್ಕಿಂತ ತಳದಲ್ಲಿ ಚಹಾದ ಕಪ್ಪಿನ ಕಲೆ ಹೊತ್ತು ಆ ಪಟ್ಟಿ. ತಿದ್ದಬೇಕಾಗಿದ್ದದ್ದು ಒಂದು ಅಂಕಿ. ಮೂರು ಮನೆಗಳು ಆರು ತಿಂಗಳು ಅಂಗಡಿಯ ಉದ್ರಿಯಲ್ಲಿ ಉಂಡದ್ದು, ನಾನು ನನ್ನ ಗುರಿಗಳಲ್ಲಿ ಮುಳುಗಿ ಒಂದು ಅಂಕಿ ತಿದ್ದದೆ ಇದ್ದದ್ದಕ್ಕೆ. ಎದುರಿಗೆ ಬಾಗಿಲಲ್ಲಿ ಖಾಜಾಬಿ ನಿಂತಿದ್ದಳು, ಚಪ್ಪಲಿ ಹಾಕಿಕೊಂಡು ತಯಾರಾಗಿ.

ದುಡ್ಡು ಮುಂದಿನ ತಿಂಗಳು ಬಂತು. ಇದರಿಂದ ಎಲ್ಲ ಸುಖವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಮಳೆಗಾಲ ಮಾಳಿಗೆ ಸೋರಿತು, ಆಕೆ ನಿಜವಾಗಿಯೂ ಬುಟ್ಟಿ ಇಟ್ಟಳು. ಮೇಲೆ ತಗಡಿನ ಪತ್ರಾಸು ಬಿದ್ದದ್ದು ಮರುವರ್ಷದ ಬೇಸಿಗೆಯಲ್ಲಿ. ಮಗ ಕೈಸಾಲ ಮಾಡಿ ಬ್ಯಾಟರಿ ತಂದ. ಮಗಳ ಸಿಟ್ಟು ಎರಡನೆಯ ಕೂಸಿನವರೆಗೂ ಇಳಿಯಲಿಲ್ಲವಂತೆ. ಆದರೆ ಸುತ್ತಲಿನ ಶಾಲೆಗಳ ಅಡುಗೆಯವರು ಏನಾದರೂ ಕೇಳುವುದಿದ್ದರೆ ಖಾಜಾಬಿಯನ್ನು ಮುಂದೆ ಮಾಡಿಕೊಂಡು ಹೋಗತೊಡಗಿದರು. ಎರಡು ವರ್ಷಕ್ಕೆ ನನಗೆ ಸಿಂದಗಿಗೆ ವರ್ಗವಾಯಿತು. ಬೀಳ್ಕೊಡುವ ದಿನ ಆಕೆ ಎರಡು ಮಾತು ಆಡಿದಳು. ನನ್ನ ಬಗ್ಗೆ ಒಳ್ಳೆಯದನ್ನೇ ಆಡಿದಳು. ನಾನು ತಲೆ ತಗ್ಗಿಸಿ ಕೇಳಿದ್ದನ್ನು ಜನ ವಿನಯ ಎಂದುಕೊಂಡರು.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಮಾವ ಧೋತರ ಉಟ್ಟು ಹೊರಗೆ ಬಂದರು. "ಏನಪಾ, ಏನ ಕೆಲಸಿತ್ತು?"

ಜಾಮೀನಿನ ಕಾಗದ ಜೇಬಿನಲ್ಲೇ ಇತ್ತು. "ಏನಿಲ್ಲ ಮಾವಾ. ನಿಮ್ಮನ್ನ ನೋಡಿ ಹೋಗೂನಂತ ಬಂದೆ."

"ಬರೇ ನೋಡಾಕ ಬಂದಾವ ನಮ್ಮ ಮನಿತನದಾಗ ಇನ್ನೂ ಹುಟ್ಟಿಲ್ಲ," ಎಂದರು ಮಾವ ಅನುಮಾನದಿಂದ. ಆದರೂ ಊಟ ಹಾಕಿಸಿದರು.

ಬಸ್ಸಿನಿಂದಲೇ ದಲಾಲನಿಗೆ ಫೋನ್ ಮಾಡಿ ಪ್ಲಾಟು ಬೇಡವೆಂದೆ. ಇಂಥ ಜಾಗ ಮತ್ತೆ ಸಿಗುವುದಿಲ್ಲ ಎಂದ. ಹೂವಿನ ಹಿಪ್ಪರಗಿಯ ಬಯಲು ಕಿಟಕಿಯಾಚೆ ಕಣ್ಣು ಮುಟ್ಟುವವರೆಗೂ ಬಿದ್ದುಕೊಂಡಿತ್ತು, ಜಾಗಕ್ಕೆ ಅಂಥ ಕೊರತೆಯೇನೂ ಕಾಣಲಿಲ್ಲ. ನಾನೇನು ಒಂದೇ ದಿನಕ್ಕೆ ಸಂತನಾದೆ ಎಂದುಕೊಳ್ಳಬೇಡಿ. ಕಾರಿನ ಕಂತು ಇದ್ದೇ ಇದೆ, ಕೋಚಿಂಗ್ ಇದ್ದೇ ಇದೆ. ಆದರೆ ಮನೆಗೆ ಬಂದವನು, ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ, ಮೆಂತೆಪಲ್ಲೆ ಸೋಸುತ್ತಿದ್ದ ಹೆಂಡತಿಯನ್ನು ಕೇಳಿದೆ.

"ನಿನಗ ಎಲ್ಲಾಕ್ಕಿಂತ ಮೊದಲ ಏನ ಆಗಬೇಕು?"

ತಲೆ ಎತ್ತದೆ, ನಾನು ಕನ್ನಡಕ ಹುಡುಕಲು ತೆಗೆದುಕೊಳ್ಳುವ ಹೊತ್ತನ್ನೂ ತೆಗೆದುಕೊಳ್ಳದೆ ಹೇಳಿದಳು: "ಸ್ಕೂಟಿ ಹೊಡಿಯಾಕ ಕಲೀಬೇಕು."

"ಯಾವಾಗಿಂದ ಅನ್ಸೇತಿ?"

"ನೀವು ಕೇಳ್ತೀರೇನಂತ ಹನ್ನೆರಡು ವರ್ಷ ಆತು."

ಕೋಚಿಂಗಿಗೆಂದು ಊರು ಬಿಟ್ಟ ಮಗಳು ಬಿಟ್ಟುಹೋದ ಸ್ಕೂಟಿ ಹಿತ್ತಲಲ್ಲಿ ಧೂಳು ತಿನ್ನುತ್ತಿತ್ತು. ಒಂದು ಲೀಟರ್ ಪೆಟ್ರೋಲು ಬಿಟ್ಟರೆ ಈ ಗುರಿಗೆ ಬೇರೆ ಖರ್ಚೇ ಇರಲಿಲ್ಲ. ನನ್ನನ್ನು ಹೆಚ್ಚು ಚುಚ್ಚಿದ್ದು ಅದೇ.

ನಿನ್ನೆ ಸಂಜೆ ಶಾಲೆಯ ಮೈದಾನದಲ್ಲಿ ನಾನು ಹಿಂದಿನ ಸೀಟು ಹಿಡಿದು ಅವಳ ಹಿಂದೆ ಓಡಿದೆ. ಚಪ್ಪಲಿ ಜಾರುತ್ತವೆಂದು ತೆಗೆದು ನನ್ನ ಕೈಗೆ ಕೊಟ್ಟಿದ್ದಳು. ನಾಲ್ಕನೆಯ ಸುತ್ತಿಗೆ "ಬಿಡ್ರಿ, ಕೈ ಬಿಡ್ರಿ" ಎಂದು ಕೂಗಿದಳು. ಬಿದ್ದೀಯಾ ಎಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಬಿಟ್ಟೆ. ಅವಳು ಒಂದು ಸುತ್ತು ಹಾಕಿ, ಗೇಟು ದಾಟಿ, ಹಿಂದೆ ತಿರುಗಿಯೂ ನೋಡದೆ ಇಂಡಿ ರಸ್ತೆಗೆ ಹೊರಟುಹೋದಳು. ನಾನು ಎರಡು ಚಪ್ಪಲಿ ಹಿಡಿದುಕೊಂಡು ಮೈದಾನದ ನಡುವೆ ನಿಂತಿದ್ದೆ.