ಹುಣಸಮಾರನಹಳ್ಳಿಯ ಮಾರಣ್ಣ

ಏರ್‌ಪೋರ್ಟ್ ರಸ್ತೆಯ ದೀಪಗಳು ಇನ್ನೂ ಆರಿಲ್ಲ. ಹುಣಸಮಾರನಹಳ್ಳಿಯ ಕೆಂಪುಮಣ್ಣಿನ ಮೈದಾನದಲ್ಲಿ ಎತ್ತರದ, ಹೊಂಗೂದಲಿನವರೊಬ್ಬರು ಕುಕ್ಕರುಗಾಲಲ್ಲಿ ಕೂತು ಗಾಜಿನ ಚೂರುಗಳನ್ನು ಆರಿಸಿ ಬಕೆಟ್ಟಿಗೆ ಹಾಕುತ್ತಿದ್ದಾರೆ. ಹಾಲಿನ ಕ್ಯಾನ್ ಕಟ್ಟಿಕೊಂಡು ಹೊರಟ ಬೈಕಿನವರು ಕೂಗುತ್ತಾರೆ: "ಏನ್ ಮಾರಣ್ಣ, ಕಾಫಿ ಆಯ್ತಾ?"

"ಇನ್ನೂ ಇಲ್ಲ ಕಣ್ರೀ. ಮೊದ್ಲು ಗ್ರೌಂಡ್ ಕ್ಲೀನ್ ಆಗ್ಲಿ!"

ಮಾರಣ್ಣನ ನಿಜವಾದ ಹೆಸರು ಮಾರಿಸ್ ಓಜೊಲ್ಸ್. ಊರು ಲಾಟ್ವಿಯಾ ದೇಶದ ಕಡಲತೀರದ ಲಿಯೆಪಾಯ. ವಯಸ್ಸು ಮೂವತ್ತಾರು, ವೃತ್ತಿ ಫುಟ್‌ಬಾಲ್. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು ತನ್ನವರಿಗೆ ದಾಟಿಸುವ ಮಿಡ್‌ಫೀಲ್ಡರ್. ಮರುದಿನ ಪತ್ರಿಕೆಯಲ್ಲಿ ಗೋಲು ಹೊಡೆದವರ ಹೆಸರಿರುತ್ತದೆ, ಇವರದಿರುವುದಿಲ್ಲ. "ಅದಕ್ಕೇನಂತೆ? ನನಗೆ ಬಾಲ್ ಕಿತ್ಕೊಳ್ಳೋದೇ ಮಜಾ," ಎಂದು ನಗುತ್ತಾರೆ.

ಅವರ ತಾಯಿ ಲಿಯೆಪಾಯದಲ್ಲಿ ಟ್ರಾಮ್ ಓಡಿಸುತ್ತಿದ್ದರು. ಮಗನ ಪಂದ್ಯವಿದ್ದಾಗಲೆಲ್ಲ ಆಕೆಗೆ ಡ್ಯೂಟಿ. ಮೈದಾನದ ಪಕ್ಕ ಹಾದುಹೋಗುವಾಗ ಗಂಟೆ ಬಾರಿಸಿ ಮುಂದೆ ಸಾಗುತ್ತಿದ್ದರು, ಅಷ್ಟೇ. ಒಂದು ಆಟವನ್ನೂ ಪೂರ್ತಿ ನೋಡಿದವರಲ್ಲ. ಮಗ ಊರಿನ ತಂಡದಲ್ಲಿ ಆಡಿದರು, ಪೋಲೆಂಡಿಗೆ ಹೋದರು, ಕಜಕಸ್ತಾನದ ಚಳಿಯಲ್ಲಿ ಆಡಿದರು, ಕೊನೆಗೆ ಬೆಂಗಳೂರಿನ ಕ್ಲಬ್ ಒಂದಕ್ಕೆ ಬಂದರು. ಇಲ್ಲಿನ ಮೂರನೇ ಪಂದ್ಯದಲ್ಲೇ ಮೊಣಕಾಲು ತಿರುಚಿಕೊಂಡಿತು. ಸೀಸನ್ ಮುಗಿಯುತ್ತಿದ್ದಂತೆ ಕ್ಲಬ್ಬು ಕೈಬಿಟ್ಟಿತು.

ಯಲಹಂಕದ ಹಳೇ ಊರಿನ ಮಹಡಿಮನೆಯಲ್ಲಿ ಅವರು ಬಟ್ಟೆಬರೆ ಕಟ್ಟುತ್ತಿದ್ದಾಗ ಮನೆಯೊಡತಿ ಗೋಪಾಲಮ್ಮ ಬಾಗಿಲಿಗೆ ಅಡ್ಡ ನಿಂತರು. "ಕುಂಟ್ಕೊಂಡು ಎಲ್ಲಿಗಪ್ಪ ಓಯ್ತೀಯಾ? ಮೊದ್ಲು ನೆಟ್ಟಗ್ ನಡಿ, ಆಮೇಲ್ ಓಗು." ಅಂದಿನಿಂದ ಮಧ್ಯಾಹ್ನ ಮುದ್ದೆ, ಬಸ್ಸಾರು, ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಇಬ್ಬರ ನಡಿಗೆ. ನಡಿಗೆ ನಿಧಾನಕ್ಕೆ ಓಟವಾಯಿತು. ಗೋಪಾಲಮ್ಮನ ಮಾತು ಕೇಳಿ ಕೇಳಿ ಕನ್ನಡವೂ ಬಂತು.

ಆ ಓಟವನ್ನು ಕಂಡವರು ವೆಂಕಟೇಶಪ್ಪ, ಹುಣಸಮಾರನಹಳ್ಳಿಯ ಪುಟ್ಟ ತಂಡದ ಕೋಚು. "ನಮ್ ಉಡುಗ್ರೆಲ್ಲ ಗೋಲ್ ಒಡಿಯಾಕೇ ಓಡ್ತವೆ. ಮಧ್ಯದಾಗೆ ನಿಂತ್ಕೊಳ್ಳೋನ್ ಒಬ್ನೂ ಇಲ್ಲ. ನೀನ್ ಬತ್ತೀಯಾ?" ಎಂದರು. ಮಾರಿಸ್ ಮರುದಿನವೇ ಬೂಟು ಹಿಡಿದು ಬಂದರು. ಊರಿನ ಹೆಸರಲ್ಲೇ ಮಾರ ಇದ್ದ ಮೇಲೆ ಮಾರಿಸ್ ಮಾರಣ್ಣನಾಗಲು ಎಷ್ಟು ಹೊತ್ತು!

ಕಳೆದ ತಿಂಗಳು ನಡೆದದ್ದು ಲೀಗಿನ ಕೊನೆಯ ಪಂದ್ಯ. ಗೆಲ್ಲದಿದ್ದರೆ ತಂಡ ಕೆಳಗಿನ ದರ್ಜೆಗೆ ಇಳಿಯಬೇಕಿತ್ತು. ಅದನ್ನು ನೋಡಲೆಂದೇ, ಈಗ ನಿವೃತ್ತರಾಗಿರುವ ತಾಯಿ ಲಿಯೆಪಾಯದಿಂದ ಬಂದಿದ್ದರು. ಆಕೆಗೂ ಗೋಪಾಲಮ್ಮನಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಒಂದೇ ಪೊಟ್ಟಣದ ಕಡಲೆಕಾಯಿ ಬಿಡಿಸಿ ತಿನ್ನುತ್ತ, ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು.

ಆಟ ಮುಗಿಯಲು ಬಂದರೂ ಗೋಲಿಲ್ಲ. ಎದುರಾಳಿಗಳು ನುಗ್ಗಿ ಬಂದರು. ಅವರ ಪಾಸ್ ಹೊರಟ ದಾರಿಯಲ್ಲೇ ಮಾರಿಸ್ ನಿಂತಿದ್ದರು. ಚೆಂಡು ತಡೆದು, ತಲೆಯೆತ್ತಿ ನೋಡಿ, ಬಲಬದಿಯಲ್ಲಿ ಓಡುತ್ತಿದ್ದ ತಮ್ಮ ತಂಡದ ಹುಡುಗ ಗುರುಚರಣ್‌ಗೆ ಉದ್ದಕ್ಕೆ ಒದ್ದರು. ಗುರುಚರಣ್ ತಪ್ಪಲಿಲ್ಲ. ಗೋಲು! ಮೈದಾನವೆಲ್ಲ ಕೇಕೆ. ರೆಫ್ರಿ ಕೊನೆಯ ಶಿಳ್ಳೆ ಊದಿದ್ದೇ ಹುಡುಗರು ಗುರುಚರಣ್‌ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಒಂದು ಹೆಗಲು ಮಾರಿಸ್ ಅವರದೇ.

ಗೋಪಾಲಮ್ಮನಿಗೆ ಮಾತ್ರ ಸಣ್ಣ ಅಸಮಾಧಾನ. "ಅಮ್ಮ ಅಷ್ಟು ದೂರದಿಂದ ಬಂದವ್ರೆ, ನೀನೂ ಒಂದ್ ಗೋಲ್ ಒಡೀಬಾರ್ದಿತ್ತಾ?"

ಮಾರಿಸ್ ಅದನ್ನು ತಮ್ಮ ಭಾಷೆಯಲ್ಲಿ ತಾಯಿಗೆ ಹೇಳಿದರು. ಆಕೆ ಜೋರಾಗಿ ನಕ್ಕು, ಮಗನ ಕೆನ್ನೆಯ ಮಣ್ಣು ಒರೆಸುತ್ತ ಏನೋ ಅಂದರು. ಆರಡಿ ಎತ್ತರದ ಮಾರಣ್ಣ ನಾಚಿಕೊಂಡು ನೆಲ ನೋಡಿದರು.

"ಏನಂದ್ರಪ್ಪ?"

"ಎಲ್ರೂ ಬಾಲ್ ನೋಡ್ತಿದ್ರಂತೆ, ಅಮ್ಮ ನನ್ನೊಬ್ಬನ್ನೇ ನೋಡಿದ್ರಂತೆ. ಬಾಲ್ ಬರೋಕ್ ಮುಂಚೆನೇ ನಾನ್ ಅಲ್ಲಿ ನಿಂತಿರ್ತೀನಂತೆ."